ಸ್ಟಿಕ್ಕರಿಗಿಂತ ಗೋಡೆ ಮುಖ್ಯ: ಹಳೆಯ ಮೌಂಟನ್ ಬೈಕ್‌ಗಳ ಉಕ್ಕು

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ 'ರಿಪ್ಯಾಕ್' ಪಂದ್ಯ ಶುರುವಾಯಿತು. ಸುಮಾರು 3.4 ಕಿ.ಮೀ. ಮಣ್ಣಿನ ಹಾದಿ, 400 ಮೀಟರಿನಷ್ಟು ಇಳಿತ. ಸವಾರರ ಕೆಳಗಿದ್ದದ್ದು ಬಹುಪಾಲು ಎರಡನೇ ಮಹಾಯುದ್ಧಕ್ಕೂ ಹಿಂದಿನ ಶ್ವಿನ್ ಸೈಕಲ್ಲುಗಳು. ಸಾದಾ ಉಕ್ಕು, ದಪ್ಪ ಟ್ಯೂಬು. ಇಪ್ಪತ್ತು ಕಿಲೋ ದಾಟುವ ಆ ಗಾಡಿಗಳು ಬೆಟ್ಟದ ಏಟಿಗೆ ಬಾಗುತ್ತಿದ್ದವು, ಮುರಿಯುತ್ತಿದ್ದವು.

ಅದೇ ಬಳಗದ ಜೋ ಬ್ರೀಜ್ 1977ರಲ್ಲಿ ಹೊಸ ಫ್ರೇಮನ್ನೇ ಕಟ್ಟಿದರು. ಬಳಸಿದ್ದು ಕ್ರೋಮೊಲಿ: ಶೇ 1ರಷ್ಟು ಕ್ರೋಮಿಯಂ, ಶೇ 0.2ರಷ್ಟು ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ 750 ಡಾಲರಿಗೆ ಅಂಗಡಿಗೆ ಬಂದಾಗ ಅದರ ಫ್ರೇಮೂ ಕ್ರೋಮೊಲಿಯದೇ.

ದುಬಾರಿ ಉಕ್ಕು ಹೆಚ್ಚು ಬಿಗಿ ಎಂಬ ನಂಬಿಕೆ ಸೈಕಲ್ ಪ್ರಿಯರಲ್ಲಿ ಇಂದಿಗೂ ಇದೆ. ಅದು ತಪ್ಪು. ಭಾರ ಬಿದ್ದಾಗ ಎಷ್ಟು ಬಾಗುತ್ತದೆ ಎಂಬ ಗುಣ ಎಲ್ಲ ಬಗೆಯ ಉಕ್ಕಿನಲ್ಲೂ ಹೆಚ್ಚೂಕಡಿಮೆ ಒಂದೇ. ಬಾಗಿದ ಮೇಲೆ ಮರಳಿ ನೆಟ್ಟಗಾಗುವ ತಾಕತ್ತು ಮಾತ್ರ ಬೇರೆ ಬೇರೆ. ಉಕ್ಕು ಬಲವಾದಷ್ಟೂ ಟ್ಯೂಬಿನ ಗೋಡೆಯನ್ನು ತೆಳ್ಳಗೆ ಮಾಡಬಹುದು; ತೂಕ ಇಳಿಯುವುದು ಅಲ್ಲಿಂದ. ಬಿಗಿ ಬೇಕಾದರೆ ವ್ಯಾಸ ಹಿಗ್ಗಿಸಬೇಕು. ಗೋಡೆಯ ದಪ್ಪ ಅಷ್ಟೇ ಇಟ್ಟು 28.6 ಮಿ.ಮೀ. ಟ್ಯೂಬನ್ನು 31.8 ಮಿ.ಮೀ.ಗೆ ಏರಿಸಿದರೆ ತೂಕ ಶೇ 11ರಷ್ಟು ಹೆಚ್ಚುತ್ತದೆ, ಬಿಗಿ ಮಾತ್ರ ಶೇ 37ರಷ್ಟು!

ಗೋಡೆಯೂ ಉದ್ದಕ್ಕೂ ಒಂದೇ ದಪ್ಪ ಇರಬೇಕಿಲ್ಲ. ಬೆಸುಗೆ ಬೀಳುವ ತುದಿಗಳಲ್ಲಿ 0.8 ಮಿ.ಮೀ., ನಡುವೆ 0.5 ಇದ್ದರೂ ನಡೆದೀತು. ಇದಕ್ಕೆ 'ಬಟೆಡ್' ಟ್ಯೂಬು ಎನ್ನುತ್ತಾರೆ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ ಇದಕ್ಕೆ ಪೇಟೆಂಟ್ ಪಡೆದದ್ದು 1897ರಲ್ಲಿ. ಜಪಾನಿನ ಟಾಂಗೆ ಕಂಪನಿಯ ಪ್ರೆಸ್ಟೀಜ್ ಕೂಡ ಇಂಥದ್ದೇ ಟ್ಯೂಬು, ಕಾಯಿಸಿ ಹದ ಮಾಡಿದ ಕ್ರೋಮೊಲಿಯದು. ಫ್ರೇಮ್ ಕಟ್ಟುವ ಟಾಮ್ ರಿಚಿ ಇನ್ನೂ ಸೂಕ್ಷ್ಮವಾಗಿ ಯೋಚಿಸಿದರು: ಲಗ್ (ಟ್ಯೂಬುಗಳನ್ನು ಕೂಡಿಸುವ ಲೋಹದ ತೋಳು) ಇಲ್ಲದೆ ಬೆಸೆಯುವ ಫ್ರೇಮಿಗೆ ತುದಿಯ ದಪ್ಪ ಭಾಗ ಅಷ್ಟು ಉದ್ದ ಏಕೆ? ಆ ಭಾಗವನ್ನು ಮೊಟಕು ಮಾಡಿದ್ದೇ 'ಲಾಜಿಕ್' ಟ್ಯೂಬು. ಬ್ರಿಡ್ಜ್‌ಸ್ಟೋನ್ ಎಂಬಿ-1 ಬೈಕಿನ ಹೆಸರು ಉಳಿದದ್ದರಲ್ಲಿ ಅದರ ಪಾಲೂ ಇದೆ. ಆ ಕಾಲದ ಅತ್ಯಂತ ಜಾಣ ಟ್ಯೂಬು ಅದೇ ಎನ್ನಬೇಕು.

ಕಟ್ಟುವ ವಿಧಾನವೂ ಉಕ್ಕನ್ನು ಆರಿಸುತ್ತದೆ. ರೆನಾಲ್ಡ್ಸ್ ಕಂಪನಿಯ 1935ರ 531 ಟ್ಯೂಬು ಹಿತ್ತಾಳೆ ಬೆಸುಗೆಗೆ ಒಗ್ಗಿದ್ದು; ಟಿಗ್ ವೆಲ್ಡಿಂಗಿನ ಕಡುಶಾಖ ಅದಕ್ಕೆ ಆಗದು. 1995ರಲ್ಲಿ ಬಂದ 853ರದ್ದು ತದ್ವಿರುದ್ಧ ಗುಣ: ವೆಲ್ಡ್ ಆದ ಮೇಲೆ ಗಾಳಿಯಲ್ಲಿ ಆರುತ್ತಲೇ ಗಟ್ಟಿಯಾಗುತ್ತದೆ. ಕೋನಾ ಎಕ್ಸ್‌ಪ್ಲೋಸಿಫ್ ಎಂಬ ಒಂದೇ ಮಾದರಿ ವರ್ಷಗಳು ಕಳೆದಂತೆ ಟಾಂಗೆ ಪ್ರೆಸ್ಟೀಜ್, ಕೊಲಂಬಸ್ ಮ್ಯಾಕ್ಸ್, ರೆನಾಲ್ಡ್ಸ್ 853 ಮೂರೂ ಟ್ಯೂಬುಗಳನ್ನು ಕಂಡಿದೆ. ಹಾಗಾಗಿ ಮಾದರಿಯ ಹೆಸರಷ್ಟೇ ಕೇಳಿದರೆ ಸಾಲದು, ವರ್ಷವನ್ನೂ ಕೇಳಬೇಕು.

ಹಳೆಯ ಫ್ರೇಮು ಕೊಳ್ಳುವವರು ಸೀಟಿನ ಕಂಬ ಕಳಚಿ ಅಳೆಯಲಿ. 28.6 ಮಿ.ಮೀ. ಟ್ಯೂಬಿಗೆ 27.2ರ ಕಂಬ ಕೂತರೆ ಗೋಡೆ ತೆಳು, ಟ್ಯೂಬು ಉತ್ತಮ, 26.4 ಆದರೆ ಸಾಮಾನ್ಯವಾಗಿ ಅಗ್ಗದ್ದು. ಆಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಅರ್ಧ ಮಿಲಿಮೀಟರಿನ ಗೋಡೆಯನ್ನು ತುಕ್ಕು ತಿಂದಿದ್ದರೆ, ಸ್ಟಿಕ್ಕರಿನಲ್ಲಿ ಯಾವ ದೊಡ್ಡ ಹೆಸರಿದ್ದರೂ ಆ ಫ್ರೇಮನ್ನು ಕೊಳ್ಳಬೇಡಿ.