ರಿವ್ಯೂವರ್ ಅನ್ಯಾಯ ಮಾಡಿದರೆ ಏನು ಮಾಡಬೇಕು?

ತಿಂಗಳುಗಟ್ಟಲೆ ಕಾದ ಮೇಲೆ ಜರ್ನಲ್‌ನಿಂದ ಬಂದ ಮೇಲ್‌ನಲ್ಲಿ ‘ಹೊಸತೇನೂ ಇಲ್ಲ, ಭಾಷೆಯೂ ಸರಿಯಿಲ್ಲ’ ಎಂದಷ್ಟೇ ಇದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅಂದೇ ಉತ್ತರ ಬರೆಯಬೇಡಿ. ಎರಡು ದಿನ ಬಿಟ್ಟು, ಗೈಡ್ ಜೊತೆ ಕೂತು ಒಂದೊಂದೇ ಟೀಕೆ ಓದಿ. ಕಟುವಾಗಿರುವುದೆಲ್ಲ ಅನ್ಯಾಯವಲ್ಲ. ಪೇಪರಿನಲ್ಲಿ ಇರುವುದನ್ನು ಇಲ್ಲ ಎನ್ನುವುದು, ಆಧಾರ ಕೊಡದೆ ತಳ್ಳಿಹಾಕುವುದು, ಬರೆದವರ ಊರು, ಸಂಸ್ಥೆಯನ್ನು ಹೀಗಳೆಯುವುದು ಅನ್ಯಾಯ.

ಬಹಳ ಜನ ಮರೆಯುವ ಸಂಗತಿಯೆಂದರೆ, ರಿವ್ಯೂವರ್ ಕೊಡುವುದು ಸಲಹೆ ಮಾತ್ರ, ತೀರ್ಮಾನ ಸಂಪಾದಕರದು. ನಿಮ್ಮ ಉತ್ತರ ಅವರಿಗೆ ಮನವರಿಕೆಯಾಗಬೇಕು. ‘ಎಷ್ಟು ಜನರನ್ನು ಸಂದರ್ಶಿಸಿದಿರಿ ಎಂದು ಎಲ್ಲೂ ಹೇಳಿಲ್ಲ’ ಎಂಬ ಟೀಕೆಗೆ ‘ಇವರು ಪೇಪರ್ ಓದಿಯೇ ಇಲ್ಲ’ ಎಂದು ಬರೆದರೆ ಜಗಳವಾಗುತ್ತದೆ. ‘ಈ ವಿವರ 4ನೇ ಪುಟದ ಎರಡನೇ ಪ್ಯಾರಾದಲ್ಲಿದೆ; ಎದ್ದು ಕಾಣಲೆಂದು ಈಗ ಕೋಷ್ಟಕ 1ಕ್ಕೂ ಸೇರಿಸಿದ್ದೇವೆ’ ಎನ್ನಿ. ಆ ಪುಟ ತೆಗೆದು ನೋಡಿದರೆ ಸಂಪಾದಕರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಒಬ್ಬರದೇ ನಾಲ್ಕೈದು ಪೇಪರ್‌ಗಳನ್ನು ಉಲ್ಲೇಖಿಸಿ ಎಂಬ ಒತ್ತಾಯ ಬಂದರೆ ಅದನ್ನು ಸಂಪಾದಕರಿಗೆ ಪ್ರತ್ಯೇಕ ಪತ್ರದಲ್ಲಿ ತಿಳಿಸಿ.

ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎನ್ನುವುದಕ್ಕೆ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅವರ ಪ್ರಸಂಗವನ್ನು ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಯೂ ತಿಳಿದಿರಬೇಕು. ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದರ ವಿರುದ್ಧವೇ ಪ್ರತಿಕಾಯ ಹುಟ್ಟುತ್ತದೆ ಎಂದು ಅವರು ಕಂಡುಕೊಂಡರು. ಅಷ್ಟು ಚಿಕ್ಕ ಪ್ರೋಟೀನಿಗೆ ಪ್ರತಿಕಾಯ ಹುಟ್ಟುತ್ತದೆಂದು ಆಗಿನ ತಜ್ಞರು ನಂಬಲಿಲ್ಲ. 1955ರಲ್ಲಿ ಪೇಪರ್ ತಿರಸ್ಕೃತವಾಯಿತು. ಇಬ್ಬರೂ ಶೀರ್ಷಿಕೆಯಿಂದ ‘ಇನ್ಸುಲಿನ್ ಪ್ರತಿಕಾಯ’ ಎಂಬ ಮಾತನ್ನು ಕೈಬಿಟ್ಟರು, ಪುರಾವೆಯನ್ನು ಬಿಡಲಿಲ್ಲ. ತಿರಸ್ಕರಿಸಿದ್ದ ಜರ್ನಲ್ಲೇ 1956ರಲ್ಲಿ ಅದನ್ನು ಪ್ರಕಟಿಸಿತು. ಆ ಕೆಲಸದಿಂದಲೇ ರೇಡಿಯೋಇಮ್ಯೂನೋಅಸ್ಸೇ ಎಂಬ ಪರೀಕ್ಷಾ ವಿಧಾನ ಬೆಳೆಯಿತು, 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ತಿರಸ್ಕಾರದ ಪತ್ರವನ್ನು ಯಾಲೋ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಸೇರಿಸಿದರು.

ತಿರಸ್ಕಾರದ ಮೇಲೂ ಮೇಲ್ಮನವಿಗೆ ಹೆಚ್ಚಿನ ಜರ್ನಲ್‌ಗಳಲ್ಲಿ ಅವಕಾಶವಿದೆ. ತೀರ್ಪನ್ನು ಬದಲಿಸಬಲ್ಲ ವಾಸ್ತವದ ತಪ್ಪು ಕಂಡಿದ್ದರೆ ಮಾತ್ರ ಅದನ್ನು ಬಳಸಿ; ಒಂದು ಪುಟ ಸಾಕು, ಬೇರೆ ರಿವ್ಯೂವರ್‌ಗೆ ಕಳಿಸಿ ಎಂದು ಕೇಳಬಹುದು. ಪಕ್ಷಪಾತದ ದೂರಿದ್ದರೆ ಮೊದಲು ಜರ್ನಲ್‌ಗೇ ಕೊಡಬೇಕು. ಅಲ್ಲಿ ವಿಚಾರಣೆಯೇ ಆಗದಿದ್ದರೆ, ಜರ್ನಲ್ ಸದಸ್ಯನಾಗಿರುವ ಪಕ್ಷದಲ್ಲಿ, ಪ್ರಕಟಣಾ ನೀತಿ ಸಂಸ್ಥೆ ‘ಕೋಪ್’ಗೆ ಬರೆಯಬಹುದು. ಅದು ನೋಡುವುದು ಕ್ರಮ ಸರಿಯಿತ್ತೇ ಎಂದಷ್ಟೇ, ಪೇಪರಿನ ಗುಣವನ್ನಲ್ಲ.

ಮೇಲ್ಮನವಿ ಇತ್ಯರ್ಥವಾಗುವ ಮೊದಲು ಇನ್ನೊಂದು ಜರ್ನಲ್‌ಗೆ ಕಳಿಸಬೇಡಿ. ಕಳಿಸುವಾಗಲೂ ನ್ಯಾಯವಾದ ಟೀಕೆಗಳನ್ನು ತಿದ್ದಿಯೇ ಕಳಿಸಿ: ಸಣ್ಣ ಕ್ಷೇತ್ರಗಳಲ್ಲಿ ಅದೇ ಪೇಪರ್ ಅದೇ ರಿವ್ಯೂವರ್ ಕೈಗೆ ಮತ್ತೆ ಹೋಗುವುದುಂಟು.