ಸುಂಟರಗಾಳಿ: ಯಾವ ಮಹಾನಗರಕ್ಕೆ ಹೆಚ್ಚು ಅಪಾಯ?

ಕರಾವಳಿಯವರಿಗೆ ಚಂಡಮಾರುತ ಹೊಸದಲ್ಲ. ಎರಡು-ಮೂರು ದಿನ ಮೊದಲೇ ಸುದ್ದಿ ಬರುತ್ತೆ, ದೋಣಿಗಳು ದಡ ಸೇರುತ್ತವೆ. ಆದ್ರೆ ಟೊರ್ನಾಡೊ, ಅಂದರೆ ಸುಂಟರಗಾಳಿ, ಹಾಗಲ್ಲ. ಗುಡುಗು ಮೋಡದಿಂದ ನೆಲಕ್ಕಿಳಿದು ಒಂದು ಬೀದಿಯನ್ನು ನೆಲಸಮ ಮಾಡಿ, ಪಕ್ಕದ ಬೀದಿಯನ್ನು ಹಾಗೇ ಬಿಟ್ಟು ಹೋಗಬಹುದು. ಮುನ್ನೆಚ್ಚರಿಕೆ ಸಿಕ್ಕರೂ ಸಿಗೋದು ಕೆಲವೇ ನಿಮಿಷ.

ಜಗತ್ತಿನಲ್ಲಿ ಅತಿ ಹೆಚ್ಚು ಸುಂಟರಗಾಳಿ ಏಳುವುದು ಅಮೆರಿಕದಲ್ಲಿ, ವರ್ಷಕ್ಕೆ ಸುಮಾರು 1,200. ಮೆಕ್ಸಿಕೋ ಕೊಲ್ಲಿಯ ತೇವದ ಬಿಸಿಗಾಳಿಯೂ ಪಶ್ಚಿಮದ ಒಣಗಾಳಿಯೂ ಅಲ್ಲಿನ ಮಧ್ಯದ ಬಯಲಿನಲ್ಲಿ ಸಂಧಿಸುತ್ತವೆ. ಒಕ್ಲಹೋಮ ಸಿಟಿ ಇರುವುದು ಅಲ್ಲೇ. ಅದರ ಪಕ್ಕದ ಮೂರ್ ಪಟ್ಟಣಕ್ಕೆ 1999ರಲ್ಲಿ ಮತ್ತು 2013ರಲ್ಲಿ ಅತ್ಯುಗ್ರ ದರ್ಜೆಯ ಸುಂಟರಗಾಳಿ ಬಡಿಯಿತು. 2013ರ ಮೇ 20ರಂದು ಸತ್ತ 24 ಮಂದಿಯಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು.

ಹಾಗಾದ್ರೆ ಒಕ್ಲಹೋಮ ಸಿಟಿಯೇ ಎಲ್ಲಕ್ಕಿಂತ ಅಪಾಯದ್ದಾ? ಎಣಿಕೆಯಲ್ಲಿ ಹೌದು ಅನ್ನಬಹುದು. ಆದ್ರೆ ಅಂಗಡಿಗೆ ಎಷ್ಟು ಗಿರಾಕಿ ಬಂದ್ರು ಅನ್ನೋದನ್ನು ಮಾತ್ರ ನೋಡಿದ್ರೆ ಲಾಭ-ನಷ್ಟ ಗೊತ್ತಾಗಲ್ಲ. ಆ ನಗರದ ವಿಸ್ತೀರ್ಣ ಸುಮಾರು 1,600 ಚದರ ಕಿಲೋಮೀಟರ್, ಜನ ಏಳು ಲಕ್ಷದಷ್ಟು. ಚಿಕಾಗೋದಲ್ಲಿ ಸುಮಾರು 600 ಚದರ ಕಿಲೋಮೀಟರ್‌ನಲ್ಲಿ 27 ಲಕ್ಷ ಜನ. ಅಲ್ಲಿ ಗಾಳಿ ಬಡಿಯುವ ಸಾಧ್ಯತೆ ಕಡಿಮೆ, ಬಡಿದರೆ ಸಿಕ್ಕಿಬೀಳುವವರು ಎಷ್ಟೋ ಹೆಚ್ಚು.

ಎತ್ತರದ ಕಟ್ಟಡಗಳು, ನದಿಗಳು ಸುಂಟರಗಾಳಿಯನ್ನು ತಡೆಯುತ್ತವೆ ಎಂಬುದು ಬರೀ ನಂಬಿಕೆ. 1896ರಲ್ಲಿ ಸೇಂಟ್ ಲೂಯಿಸ್ ನಗರವನ್ನು ಹಾಳುಗೆಡವಿದ ಗಾಳಿ ಮಿಸಿಸಿಪ್ಪಿ ನದಿಯನ್ನೇ ದಾಟಿಹೋಯಿತು, 255 ಜನ ಸತ್ತರು. 2000ದಲ್ಲಿ ಫೋರ್ಟ್ ವರ್ತ್‌ನ, 2008ರಲ್ಲಿ ಅಟ್ಲಾಂಟಾದ ನಗರ ಮಧ್ಯಕ್ಕೇ ಗಾಳಿ ನುಗ್ಗಿತು. ನಗರ ಮಧ್ಯಕ್ಕೆ ಪೆಟ್ಟು ಅಪರೂಪ ಯಾಕಂದ್ರೆ ಆ ಜಾಗವೇ ಚಿಕ್ಕದು, ಅಷ್ಟೇ.

ಹೊತ್ತೂ ಮುಖ್ಯ. ನ್ಯಾಶ್‌ವಿಲ್ ನಗರಕ್ಕೆ 2020ರ ಮಾರ್ಚ್ 3ರಂದು ಗಾಳಿ ಬಡಿದದ್ದು ನಡುರಾತ್ರಿ ಕಳೆದ ಮೇಲೆ, ಜನ ನಿದ್ದೆಯಲ್ಲಿದ್ದಾಗ. ಟೆನ್ನೆಸಿ ರಾಜ್ಯದಲ್ಲಿ ಅದೇ ರಾತ್ರಿ ಒಟ್ಟು 25 ಮಂದಿ ತೀರಿಹೋದರು.

ಇನ್ನು ಮನೆಯ ಗಟ್ಟಿತನ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಢಾಕಾಕ್ಕೆ ಪಶ್ಚಿಮದಲ್ಲಿರುವ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರು. ಅಮೆರಿಕಕ್ಕೆ ಹೋಲಿಸಿದರೆ ಅಲ್ಲಿ ಸುಂಟರಗಾಳಿ ಕಡಿಮೆ. ಆದ್ರೆ ತಗಡಿನ ಮನೆ, ಒತ್ತೊತ್ತಾದ ಜನ, ಎಚ್ಚರಿಸುವ ವ್ಯವಸ್ಥೆ ಇಲ್ಲದ್ದು ಸೇರಿ ಸಾವು ಹೆಚ್ಚಿತು.

ಆದ್ದರಿಂದ ಓದಿಗೋ ಕೆಲಸಕ್ಕೋ ಡಲ್ಲಾಸ್, ಚಿಕಾಗೋ ಕಡೆ ಹೋಗುವ ಯುವಕರು ಮನೆ ಹಿಡಿಯುವಾಗ ಬಾಡಿಗೆ ಜೊತೆ ಇನ್ನೊಂದು ಪ್ರಶ್ನೆ ಕೇಳಲಿ: ಸೈರನ್ ಕೂಗಿದರೆ ಎಲ್ಲಿಗೆ ಇಳಿಯಬೇಕು? ನೆಲಮಾಳಿಗೆ ಇಲ್ಲದಿದ್ದರೆ ಕೆಳ ಅಂತಸ್ತಿನಲ್ಲಿ ಕಿಟಕಿ ಇಲ್ಲದ ಒಳಕೋಣೆ ನೋಡಿಟ್ಟುಕೊಳ್ಳಬೇಕು. ರಾತ್ರಿ ಮಲಗುವಾಗ ಫೋನಿನ ಎಚ್ಚರಿಕೆ ಸಂದೇಶ ಬಂದ್ ಮಾಡಬಾರದು. ಊರು ಯಾವುದೇ ಇರಲಿ, ಆ ಕೆಲವು ನಿಮಿಷದಲ್ಲಿ ಜೀವ ಉಳಿಸೋದು ಇದೇ.