ಗರಸು ತೋಡುವ ಮುನ್ನ

ಕೋಲಾರದ ಕಡೆಯ ಹಳೆಯ ತೆರೆದ ಬಾವಿಯೊಂದಕ್ಕೆ ಬಗ್ಗಿ ನೋಡಿ. ಇಂಥ ಬಾವಿಗಳು ಈಗ ಬಹುತೇಕ ಬತ್ತಿವೆ, ಆದರೂ ಗೋಡೆಯನ್ನು ಓದಬಹುದು. ಮೇಲೆ ಮೊಳದಷ್ಟು ಕೆಂಪು ಮಣ್ಣು. ಅದರಡಿ, ಬೆರಳಲ್ಲಿ ಕೆದಕಿದರೆ ಉದುರುವ ಗರಸು. ತಳದಲ್ಲಿ ಹಾರೆಗೂ ಜಗ್ಗದ ಬಂಡೆ. ಒರತೆಯ ಗುರುತು ಎಷ್ಟೋ ಕಡೆ ಗರಸು ಮುಗಿದು ಬಂಡೆ ಶುರುವಾಗುವ ಅಂಚಿನಲ್ಲೇ ಕಾಣುತ್ತದೆ: ಒಣಗಿದ ಪಾಚಿಯ ಕಪ್ಪು ಪಟ್ಟೆ.

250 ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆ ಮಳೆ ಬಿಸಿಲಿಗೆ ಶಿಥಿಲವಾಗಿ ಈ ಗರಸಾಗಿದೆ. ಶಿಲೆಯಲ್ಲಿನ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಕ್ವಾರ್ಟ್ಜ್ ಹರಳು ಹಾಗೇ ಉಳಿಯುತ್ತದೆ. ಗರಸನ್ನು ಅಂಗೈಯಲ್ಲಿ ಉಜ್ಜಿದಾಗ ಚುಚ್ಚುವುದು ಅದೇ. ಗಟ್ಟಿ ಬಂಡೆಯಲ್ಲಿ ನೀರಿಗೆ ಬಿರುಕುಗಳಷ್ಟೇ ಜಾಗ. ಗರಸಿನಲ್ಲಿ ಹರಳು ಹರಳಿನ ನಡುವೆಲ್ಲ ಜಾಗ. ಮಳೆಯನ್ನು ಕುಡಿದಿಟ್ಟುಕೊಂಡು ಕೆಳಗಿನ ಬಿರುಕುಗಳಿಗೆ ನಿಧಾನವಾಗಿ ಬಿಡುವ ಉಗ್ರಾಣವಿದು. ರಸ್ತೆಗೆ ಹಾಸಲು, ನಿವೇಶನ ತುಂಬಿಸಲು ಜೆಸಿಬಿ ಬಾಚುವುದೂ ಇದನ್ನೇ.

ಗರಸು ತೋಡಲು ಹೊಸ ಗುಂಡಿಯ ಪ್ರಸ್ತಾವ ಬಂದರೆ ಊರಲ್ಲಿ ಮೊದಲು ಮಾತಾಗುವುದು ದೂಳು ಮತ್ತು ಲಾರಿ. ಆಗಲೇಬೇಕು, ಕ್ವಾರ್ಟ್ಜ್‌ನ ನುಣ್ಣನೆ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. 5 ಹೆಕ್ಟೇರಿಗಿಂತ ಚಿಕ್ಕ ಗಣಿ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದೊಡ್ಡ ಆಸರೆಯಾಯಿತು.

ನನ್ನ ಕಳವಳ ಅಳತೆ ಮಾಡುವ ಕಾಲದ ಬಗ್ಗೆ. ಪರಿಸರ ಪರಿಣಾಮದ ವರದಿ ಬೇಕಾದಲ್ಲೂ, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆನ್ನುತ್ತದೆ ನಿಯಮ. ದೂಳಿನ ಮಟ್ಟಿಗೆ ಇದು ಸರಿ, ಮಳೆಯಲ್ಲಿ ದೂಳು ಅಡಗಿರುತ್ತದೆ. ನೀರಿನ ಮಟ್ಟಿಗೆ ಖಂಡಿತ ತಪ್ಪು. ಮಾರ್ಚಿನಲ್ಲಿ ಅಳೆಯಲು ಬಂದವರಿಗೆ ಜಾಲಿ ಬೆಳೆದ ಒಣ ತಗ್ಗಾಗಿ ಕಂಡದ್ದು, ಅಕ್ಟೋಬರಿನ ಮಳೆಗೆ ಕೆರೆ ತುಂಬಿಸುವ ಕಾಲುವೆಯಾಗಿರಬಹುದು. ಅದರ ಮೇಲೆ ಗುಂಡಿಯ ಮಣ್ಣು ರಾಶಿ ಬಿದ್ದರೆ ಕೆರೆಗೆ ನೀರೆಲ್ಲಿಂದ ಬರಬೇಕು?

ನೀರಿರುವ ಬಾವಿ ಇನ್ನೂ ಉಳಿದ ಊರಿನವರು ಇಷ್ಟು ಮಾಡಬಹುದು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ಮೇ ಕೊನೆಗೊಮ್ಮೆ, ನವೆಂಬರಿನಲ್ಲೊಮ್ಮೆ ಬರೆದಿಡಿ. ಗುಂಡಿಯ ತಳ ಎಷ್ಟು ಆಳಕ್ಕೆ ಹೋಗುತ್ತದೆಂದು ಗಣಿ ಯೋಜನೆಯಲ್ಲಿ ಬರೆದಿರುತ್ತದೆ. ಅದು ನವೆಂಬರಿನ ನೀರಿಗಿಂತ ಕೆಳಗಿದ್ದರೆ ತೋಡುವವರು ಪಂಪ್ ಇಡಲೇಬೇಕು. ಪಂಪ್ ಇಟ್ಟ ದಿನದಿಂದ ಸುತ್ತಲಿನ ಬಾವಿಗಳ ನೀರು ಗುಂಡಿಯ ಕಡೆಗೆ ಇಳಿಯತೊಡಗುತ್ತದೆ.